ಪಶುರೋಗಶಾಸ್ತ್ರಜ್ಞರ ವಾರ್ಷಿಕ ಸಮ್ಮೇಳನ: ಮುಂಗಡಪತ್ರ ಮತ್ತು ಸ್ಥಳೀಯ ಉದ್ಯಮಿಗಳ ಹಣದ ಭದ್ರತೆ

ಪ್ರಾಣಿಗಳ ರೋಗ ಹಾಗೂ ಮರಣದ ಕಾರಣವನ್ನು ಮರಣೋತ್ತರ ಪರೀಕ್ಷೆ ಮತ್ತು ಅಂಗಾಂಶ ಪರೀಕ್ಷೆಗಳಿಂದ ನಿರ್ಣಯಿಸುವವರೇ ಪಶುರೋಗಶಾಸ್ತ್ರಜ್ಞರು. ಇವರ ರಾಷ್ಟ್ರೀಯ ಸಂಸ್ಥೆಯಾದ ಇಂಡಿಯನ್ ಅಸೋಸಿಯೇಷನ್ ಆಫ್ ವೆಟರಿನರಿ ಪೆಥಾಲಜಿಸ್ಟ್ಸ್ ವಾರ್ಷಿಕ ಸಮ್ಮೇಳನಗಳನ್ನು ನಡೆಸುತ್ತ ಬಂದಿದೆ. ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳಲ್ಲಿ ಮಳೆ ಕೈಕೊಟ್ಟ ವರ್ಷ ಶೇಂಗಾ ಬೆಳೆದ ರೈತನನ್ನು ಕಾಯುವುದು ಕುರಿಯ ಹಿಂಡು. ಭಾರತದಲ್ಲಿ ಮೊದಲು 1987ರಲ್ಲಿ ವರದಿಯಾದ ಪಿ.ಪಿ.ಆರ್. ರೋಗವನ್ನು 2030ರೊಳಗೆ ಜಗತ್ತಿನಿಂದ ನಿರ್ಮೂಲಗೊಳಿಸುವ ಗುರಿ ಇದೆ. ರೈತನ ಕೈಯಲ್ಲಿ ಹಣ ಉಳಿದರೆ ಮಾತ್ರ ಪೇಟೆಯಲ್ಲಿ ವ್ಯಾಪಾರ ಉಂಟು. ಆದುದರಿಂದ ಇಂತಹ ಸಮ್ಮೇಳನವು ವರ್ತಕರಿಗೆ ಹೊರಗಿನ ವಿಷಯವಲ್ಲ.

1. ಸ್ಥಳ ಮತ್ತು ದಿನಾಂಕ

ಸೂಕ್ಷ್ಮದರ್ಶಕಗಳು, ಪ್ರಯೋಗಾಲಯ ಹಾಗೂ ಇನ್ನೂರು ಜನರ ವಸತಿ ಬೇಕಾಗುವ ಮುಖ್ಯ ಗೋಷ್ಠಿಗಳಿಗೆ, 1958ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂತಹ ಸ್ಥಳವೇ ಸೂಕ್ತ. ಒಂದು ದಿನದ ಕ್ಷೇತ್ರದರ್ಶನವನ್ನು ಈ ನಾಲ್ಕು ತಾಲ್ಲೂಕುಗಳಲ್ಲಿ ಇರಿಸಬಹುದು. ಶಿರಾ ಪಟ್ಟಣವು ಬೆಂಗಳೂರು-ಪುಣೆ ಹೆದ್ದಾರಿಯ ಮೇಲೆಯೇ ಇದೆ. ದಿನಾಂಕ ಗೊತ್ತುಪಡಿಸುವಾಗ ಶ್ರಾವಣದ ಶನಿವಾರಗಳನ್ನು ಬಿಡುವುದು ಲೇಸು. ಆಗ ಪಾವಗಡದ ಶನೈಶ್ಚರ ಕ್ಷೇತ್ರಕ್ಕೆ ಭಕ್ತಸಮೂಹ ಬರುವುದರಿಂದ ವಾಹನ ಮತ್ತು ಕೊಠಡಿ ದೊರೆಯುವುದು ಕಷ್ಟ. ಮದುವೆಯ ಲಗ್ನಗಳಿರುವ ದಿನಗಳಲ್ಲಿ ಅಡುಗೆಯವರ ಮತ್ತು ಶಾಮಿಯಾನದ ದರ ಏರುತ್ತದೆ. ಮರಣೋತ್ತರ ಪರೀಕ್ಷೆಯ ಪ್ರಾತ್ಯಕ್ಷಿಕೆ ಇದ್ದಲ್ಲಿ ಪಶುಪಾಲನಾ ಇಲಾಖೆಯ ಸಹಕಾರ, ಕಳೇಬರವನ್ನು ಆಳವಾಗಿ ಹೂಳುವ ಖರ್ಚು ಇವೆರಡನ್ನೂ ಮೊದಲೇ ಗಣಿಸತಕ್ಕದ್ದು.

2. ಮುಂಗಡಪತ್ರ

ಉದಾಹರಣೆಗಾಗಿ ಒಂದು ಲೆಕ್ಕವನ್ನು ಪರಿಶೀಲಿಸಬಹುದು. ಸಭಾಂಗಣ, ಮುದ್ರಣ, ಆಹ್ವಾನಿತರ ಪ್ರಯಾಣ ಮುಂತಾದ ಸ್ಥಿರ ವೆಚ್ಚ ರೂ. 6,00,000. ಊಟ, ಕೈಚೀಲ, ಬಸ್ಸು ಸೇರಿ ಪ್ರತಿನಿಧಿಯೊಬ್ಬರಿಗೆ ಚರ ವೆಚ್ಚ ರೂ. 2,500. ನೋಂದಣಿ ಶುಲ್ಕ ರೂ. 4,000. ತಲಾ ಉಳಿಯುವುದು ರೂ. 1,500 ಮಾತ್ರ. ಕೇವಲ ಶುಲ್ಕದಿಂದಲೇ ಸರಿದೂಗಿಸಲು 400 ಜನ ಬರಬೇಕು. 200 ಜನ ಬಂದರೆ ರೂ. 3,00,000 ಕೊರತೆ, ಇದನ್ನು ಪ್ರಾಯೋಜಕರಿಂದ ತುಂಬಬೇಕು.

ಪ್ರಾಯೋಜಕರು ಈ ಹಣ ಕೊಟ್ಟರೂ 160 ಜನರೇ ಬಂದರೆ ರೂ. 60,000 ಕೊರತೆ ಉಳಿಯುತ್ತದೆ. ಅಷ್ಟೇ ಅಲ್ಲ, ಅಡುಗೆಯವರಿಗೆ 200 ಎಲೆಯ ಲೆಕ್ಕ ಹೇಳಿಯಾಗಿರುತ್ತದೆ, ಚೀಲಗಳು ಅಚ್ಚಾಗಿರುತ್ತವೆ. ಬಾರದವರ ಪಾಲಿನಲ್ಲಿ ತಲಾ ರೂ. 1,500 ತಪ್ಪಿಸಲಾಗದ ಖರ್ಚಾದರೆ ಕೊರತೆ ರೂ. 1,20,000ಕ್ಕೆ ಏರುತ್ತದೆ. ಅಂದರೆ ಆದೇಶ ಕೊಟ್ಟ ದಿನದಿಂದ ಚರ ವೆಚ್ಚವೂ ಸ್ಥಿರ ವೆಚ್ಚವಾಗುತ್ತದೆ. ಆದಕಾರಣ ಪ್ರಾಯೋಜಕರ ಲಿಖಿತ ಒಪ್ಪಿಗೆ ಬಂದ ನಂತರವೇ ದಿನಾಂಕ ಪ್ರಕಟಿಸುವುದು, ಶುಲ್ಕ ಪಾವತಿಸಿದವರ ಸಂಖ್ಯೆಯ ಆಧಾರದ ಮೇಲೆ ಮಾತ್ರ ಊಟದ ಆದೇಶ ಕೊಡುವುದು ಕ್ಷೇಮಕರ.

3. ಮೂರು ಬಗೆಯ ಹಣ

ಮಳಿಗೆ ಬಾಡಿಗೆ, ಪ್ರಾಯೋಜಕತ್ವ ಮತ್ತು ದಾನ ಇವು ಮೂರೂ ಬೇರೆ ಬೇರೆ. ಸಂಘಟಕರು ಜಿ.ಎಸ್.ಟಿ. ನೋಂದಣಿ ಹೊಂದಿದ್ದರೆ ಮಳಿಗೆ ಬಾಡಿಗೆಗೆ ಶೇ. 18 ತೆರಿಗೆ ಸೇರಿಸಿ ಬಿಲ್ಲು ಕೊಡಬೇಕು. ಪ್ರಾಯೋಜಕರು ಕಂಪನಿ ಅಥವಾ ಪಾಲುದಾರಿಕೆ ಸಂಸ್ಥೆಯಾಗಿದ್ದರೆ ಸಾಮಾನ್ಯವಾಗಿ ರಿವರ್ಸ್ ಚಾರ್ಜ್ ಪದ್ಧತಿಯಲ್ಲಿ ತೆರಿಗೆಯನ್ನು ಅವರೇ ಕಟ್ಟಬೇಕು. ಆದರೆ ಸೇವೆ ನೀಡುವವರು ಕಂಪನಿಯಂತಹ ನಿಗಮಿತ ಸಂಸ್ಥೆಯಾಗಿದ್ದಲ್ಲಿ 16-1-2025ರಿಂದ ಆ ಹೊಣೆ ಸಂಘಟಕರದ್ದೇ. ಧರ್ಮಾರ್ಥ ಸಂಸ್ಥೆಗೆ ನೀಡಿದ ದಾನಕ್ಕೆ ಪ್ರತಿಯಾಗಿ ಕೃತಜ್ಞತೆಯಿಂದ ಹೆಸರನ್ನಷ್ಟೇ ಪ್ರಕಟಿಸಿ, ವ್ಯಾಪಾರದ ಪ್ರಚಾರ ಮಾಡದಿದ್ದರೆ ಅದಕ್ಕೆ ಜಿ.ಎಸ್.ಟಿ. ಇಲ್ಲವೆಂದು 11-10-2019ರ ಸುತ್ತೋಲೆ ಸ್ಪಷ್ಟಪಡಿಸಿದೆ. ದಾನಕ್ಕೆ ಆದಾಯ ತೆರಿಗೆಯಲ್ಲಿ ಕಡಿತ ಕೇಳಬೇಕಾದರೆ ಸಂಸ್ಥೆಗೆ ಅನುಮೋದನೆ ಇರಬೇಕು, ರೂ. 2,000 ಮೀರಿದ ನಗದು ದಾನಕ್ಕೆ ಕಡಿತ ದೊರೆಯದು.

4. ಸರಬರಾಜುದಾರರ ಭದ್ರತೆ

ಕೊರತೆ ಉಂಟಾದಾಗ ಅದರ ಭಾರ ಮೊದಲು ಬೀಳುವುದು ಶಾಮಿಯಾನದವರು, ಅಡುಗೆಯವರು ಮತ್ತು ಮುದ್ರಕರ ಮೇಲೆ. ಸಂಘಟನಾ ಸಮಿತಿ ಸಮ್ಮೇಳನದೊಂದಿಗೆ ಚದುರಿಹೋಗುತ್ತದೆ, ಬಿಲ್ಲು ಉಳಿಯುತ್ತದೆ. ಇದಕ್ಕೆ 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯಿದೆಯ ರಕ್ಷಣೆ ಇದೆ. ಲಿಖಿತ ಕರಾರು ಇದ್ದರೆ ಗರಿಷ್ಠ 45 ದಿನಗಳಲ್ಲಿ, ಇಲ್ಲದಿದ್ದರೆ 15 ದಿನಗಳಲ್ಲಿ ಹಣ ಸಲ್ಲಬೇಕು. ತಪ್ಪಿದಲ್ಲಿ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ ಉಂಟು. ಆದರೆ ಸರಬರಾಜಿಗೆ ಮುನ್ನವೇ ಉದ್ಯಮ್ ನೋಂದಣಿ ಆಗಿರಬೇಕು. ಈ ರಕ್ಷಣೆ ಉತ್ಪಾದಕರಿಗೆ ಮತ್ತು ಸೇವೆ ಒದಗಿಸುವವರಿಗೆ ಮಾತ್ರ. ದಿನಸಿ ಮಾರುವ ವರ್ತಕರಿಗೆ 2021ರಿಂದ ಉದ್ಯಮ್ ನೋಂದಣಿ ಸಿಕ್ಕರೂ ಅದರ ಪ್ರಯೋಜನ ಆದ್ಯತಾ ವಲಯದ ಸಾಲಕ್ಕೆ ಸೀಮಿತ. ಆದುದರಿಂದ ಅವರು ಮುಂಗಡ ಪಡೆಯುವುದೇ ಸರಿ.

ಉಪಸಂಹಾರ

ಯಾವುದೇ ಆದೇಶವನ್ನು ಒಪ್ಪುವ ಮುನ್ನ ಮೂರು ಅಂಶಗಳನ್ನು ಖಚಿತಪಡಿಸಿಕೊಳ್ಳತಕ್ಕದ್ದು: ಆದೇಶಪತ್ರಕ್ಕೆ ಯಾರ ಸಹಿ ಇದೆ, ಹಣ ಯಾವ ಸಂಸ್ಥೆಯ ಬ್ಯಾಂಕ್ ಖಾತೆಯಿಂದ ಬರುತ್ತದೆ, ಕೊರತೆಯಾದರೆ ಹೊಣೆ ಯಾರದು. ಈ ಮೂರಕ್ಕೂ ಲಿಖಿತ ಉತ್ತರ ಕೊಡಬಲ್ಲ ಸಂಘಟಕರೊಡನೆ ವ್ಯವಹರಿಸಿದರೆ ಕುರಿಗಾರನಿಗೂ ವರ್ತಕನಿಗೂ ಸಮ್ಮೇಳನದಿಂದ ಪ್ರಯೋಜನವಾದೀತು.