ಅಂಕಿಗಳನ್ನು ನೆಲೆಗೊಳಿಸುವ ಒಗಟು

ಗಣಿತವೆಂದೊಡನೆ ಅಂಜುವ ಹೆಣ್ಣುಮಕ್ಕಳು ಎಲ್ಲ ತರಗತಿಗಳಲ್ಲಿಯೂ ಉಂಟು. ಅಂಥವರ ಅಂಜಿಕೆಯನ್ನು ಬಿಡಿಸುವುದಕ್ಕೆ ಸುಡೋಕು ಎಂಬ ಒಗಟು ತಕ್ಕ ಸಾಧನವೆಂದು ನಾವು ಎಣಿಸುತ್ತೇವೆ. ಇದರ ಹೆಸರು ಜಪಾನೀ ಭಾಷೆಯದು. ಆದರೆ ಒಗಟು ಈಗಿನ ರೂಪದಲ್ಲಿ ಮೊದಲು ಅಚ್ಚಾದದ್ದು ೧೯೭೯ರಲ್ಲಿ, ಅಮೇರಿಕಾ ದೇಶದ ಡೆಲ್ ಸಂಸ್ಥೆಯ ಪತ್ರಿಕೆಯಲ್ಲಿ. ೧೯೮೪ರಲ್ಲಿ ಜಪಾನಿನ ನಿಕೋಲಿ ಸಂಸ್ಥೆಯವರು ಇದನ್ನು ಪ್ರಕಟಿಸಿದರು. ೨೦೦೪ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಯು ಅಚ್ಚುಹಾಕತೊಡಗಿದ ಮೇಲೆ ಲೋಕದಲ್ಲೆಲ್ಲಾ ಹಬ್ಬಿತು.

ಇದರಲ್ಲಿ ಒಂಬತ್ತು ಅಡ್ಡಸಾಲುಗಳೂ ಒಂಬತ್ತು ಕಂಬಸಾಲುಗಳೂ ಸೇರಿ ೮೧ ಮನೆಗಳಿವೆ. ಇವು ಒಂಬತ್ತೊಂಬತ್ತು ಮನೆಗಳುಳ್ಳ ಒಂಬತ್ತು ಚೌಕಗಳಾಗಿ ವಿಂಗಡವಾಗಿವೆ. ಪ್ರತಿಯೊಂದು ಅಡ್ಡಸಾಲಿನಲ್ಲಿಯೂ ಕಂಬಸಾಲಿನಲ್ಲಿಯೂ ಚೌಕದಲ್ಲಿಯೂ ೧ರಿಂದ ೯ರ ವರೆಗಿನ ಅಂಕಿಗಳು ಒಂದೊಂದು ಸಾರಿ ಮಾತ್ರ ಬರತಕ್ಕದ್ದು. ಮೊದಲೇ ಕೊಟ್ಟಿರುವ ಅಂಕಿಗಳನ್ನು ಕದಲಿಸಕೂಡದು. ಕೂಡುವುದಾಗಲಿ ಕಳೆಯುವುದಾಗಲಿ ಇಲ್ಲಿಲ್ಲ. ಅಂಕಿಗಳಿಗೆ ಬದಲಾಗಿ ಒಂಬತ್ತು ಅಕ್ಷರಗಳನ್ನಿಟ್ಟರೂ ಆಟವು ನಡೆಯುವುದು.

ಮೊದಲ ಪಾಠಕ್ಕೆ ನಾಲ್ಕು ಅಂಕಿಗಳ ಚಿಕ್ಕ ಒಗಟು ಸಾಕು. ಇದರಲ್ಲಿ ಚೌಕಕ್ಕೆ ನಾಲ್ಕೇ ಮನೆ.

೧ – | – ೪
– ೪ | ೧ –
೨ – | – ೩
– – | – –

ಮೇಲಣ ಎಡಚೌಕಕ್ಕೆ ೨, ೩ ಬೇಕು. ಮೊದಲನೆಯ ಕಂಬಸಾಲಿನಲ್ಲಿ ೨ ಆಗಲೇ ಇರುವುದರಿಂದ ೧ರ ಕೆಳಗಣ ಮನೆಗೆ ಅದು ಸಲ್ಲದು; ಅಲ್ಲಿ ೩, ೧ರ ಬಲಕ್ಕೆ ೨. ಆಗ ಮೊದಲನೆಯ ಅಡ್ಡಸಾಲಿಗೆ ಉಳಿದದ್ದು ೩, ಎರಡನೆಯದಕ್ಕೆ ೨. ಮೂರನೆಯದಕ್ಕೆ ೧, ೪ ಬೇಕು; ಎರಡನೆಯ ಕಂಬಸಾಲಿನಲ್ಲಿ ೪ ಇರುವುದರಿಂದ, ೨ರ ಪಕ್ಕಕ್ಕೆ ೧, ಅದರಾಚೆ ೪.

ಇಲ್ಲಿ ಯಾವ ಅಂಕಿಯನ್ನೂ ನಾವು ಊಹಿಸಿ ಬರೆಯಲಿಲ್ಲವೆಂಬುದನ್ನು ಗಮನಿಸಬೇಕು. ಸರಿಯಾಗಿ ರಚಿತವಾದ ಒಗಟಿಗೆ ಉತ್ತರವು ಒಂದೇ. ಊಹೆಯಿಂದ ಇಟ್ಟ ತಪ್ಪಂಕಿಯು ಒಡನೆ ಬಯಲಾಗದು. ಹತ್ತು ಮನೆಗಳು ತುಂಬಿದ ಮೇಲೆ ಎಡವಟ್ಟು ಕಾಣುವುದು, ಆಗ ದಾರಿ ತಪ್ಪಿದ್ದು ಎಲ್ಲೆಂದು ತಿಳಿಯದು. ಆದುದರಿಂದ ಮಗಳು ಒಗಟಿನ ಮುಂದೆ ಕುಳಿತಾಗ ತಾಯಿತಂದೆಗಳು ಉತ್ತರವನ್ನು ಹೇಳಿಕೊಡಬಾರದು, “ಈ ಅಂಕಿ ಇಲ್ಲಿಗೇ ಏಕೆ, ಮಗೂ?” ಎಂದು ಕೇಳಿದರೆ ಸಾಕು. “ಅಕ್ಕನವರು ಹೇಳಿದರು” ಎಂಬುದು ಇಲ್ಲಿ ಉತ್ತರವಾಗದು. ಕಾರಣವನ್ನು ತಾನೇ ಕಂಡುಕೊಂಡವಳು ಮತ್ತೊಬ್ಬರ ಮುಖವನ್ನು ನೋಡದೆ ಸರಿಯನ್ನು ಸರಿಯೆನ್ನಬಲ್ಲಳು. ಶಾಲೆಯನ್ನು ಬಿಟ್ಟ ಮೇಲೆ ಆಕೆಗೆ ಹೆಚ್ಚಾಗಿ ಬೇಕಾಗುವುದು ಈ ಧೈರ್ಯವೇ.

ಕೊನೆಯ ಸಾಲನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಬಿಟ್ಟಿದ್ದೇವೆ. ಕಾರಣಸಹಿತವಾಗಿ ತುಂಬತಕ್ಕದ್ದು!