ಕುಬಸದ ಅರಿವೆ ಯಾವಾಗ ಕೊಡಬೇಕು?



ಬೆಳೆಯುವ ಕರುವಿಗೆ ಹೋದ ವರ್ಷದ ಕೊರಳಹಗ್ಗವನ್ನೇ ಬಿಟ್ಟರೆ ಅದು ಒತ್ತುವದೆಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆಗಾಗ ಬೆರಳು ಹಾಕಿ ನೋಡಿ ಸಡಿಲಿಸುತ್ತೀರಿ. ಹೋಲಿಕೆ ಒರಟಾಯಿತು, ಕ್ಷಮಿಸಿರಿ. ಆದರೆ ಮನೆಯ ಸೊಸೆ ಬಸುರಿಯಾಗಿ ಐದಾರು ತಿಂಗಳಾದರೂ ಮದುವೆಯಲ್ಲಿ ಹೊಲಿಸಿದ ಕುಪ್ಪಸವನ್ನೇ ಉಸಿರು ಬಿಗಿಹಿಡಿದು ತೊಡುತ್ತಿರುವದು ಎಷ್ಟೋ ಮನೆಗಳಲ್ಲಿ ಯಾರ ಕಣ್ಣಿಗೂ ಬೀಳುವದಿಲ್ಲ. ಈ ಸಲದ ಪಾಠ ಆ ಅರಿವೆಯ ವಿಷಯವಾಗಿದೆ. ಇದು ಹೆಂಗಸರ ಮಾತೆಂದು ಪುಟ ತಿರುವಬೇಡಿರಿ. ಪೇಟೆಯಿಂದ ಅರಿವೆ ತರುವ ದುಡ್ಡು ಬಹಳ ಮನೆಗಳಲ್ಲಿ ಇನ್ನೂ ಗಂಡಸರ ಕಿಸೆಯಲ್ಲಿಯೇ ಇದೆ.

ಬೇರೆ ಕಡೆ ಸೀಮಂತ ಎನ್ನುವ ಕಾರ್ಯಕ್ಕೆ ನಮ್ಮ ಗದಗ ಸೀಮೆಯಲ್ಲಿ ಕುಬಸ ಎನ್ನುತ್ತೇವೆ. ಕುಬಸವೆಂದರೆ ಕುಪ್ಪಸವೇ. ತವರಿನವರು ಹಸಿರು ಸೀರೆ, ಖಣ, ಹಸಿರು ಬಳೆ ತಂದು ಮಗಳ ಉಡಿ ತುಂಬುತ್ತಾರೆ. ಬಸುರಿಯ ಮೈಗೆ ಹಳೆಯ ಕುಪ್ಪಸ ಸಾಲದೆಂಬುದನ್ನು ಹಿರಿಯರು ಅರಿತಿದ್ದರಿಂದಲೇ ಕಾರ್ಯಕ್ಕೆ ಈ ಹೆಸರು ಬಂದಿರಬೇಕೆಂದು ನನಗೆ ತೋರುತ್ತದೆ. ಆದರೆ ಈ ಕಾರ್ಯ ಹೆಚ್ಚಾಗಿ ಏಳನೆಯ ತಿಂಗಳಲ್ಲಿ ಆಗುತ್ತದೆ. ಕೆಲವರಲ್ಲಿ ಐದರಲ್ಲಿ, ಕೆಲವರಲ್ಲಿ ಒಂಬತ್ತರಲ್ಲಿ. ಮೈ ಅಷ್ಟು ದಿವಸ ಕಾಯುವದಿಲ್ಲ.

ಮೊದಲು ಬದಲಾಗುವದು ಹೊಟ್ಟೆಯಲ್ಲ, ಎದೆ. ಮುಟ್ಟು ನಿಂತ ಕೆಲವು ವಾರಗಳಲ್ಲಿಯೇ ಎದೆ ಭಾರವಾಗಿ, ಮುಟ್ಟಿದರೆ ನೋಯುವಂತಾಗುತ್ತದೆ. ಮೂರು ತಿಂಗಳು ತುಂಬುವ ಹೊತ್ತಿಗೆ ಗರ್ಭಕೋಶವು ಕಿಬ್ಬೊಟ್ಟೆಯ ಎಲುಬಿನ ಮೇಲೆ ಬರುತ್ತದೆ. ಐದನೆಯ ತಿಂಗಳ ಸುಮಾರಿಗೆ ಹೊಕ್ಕುಳಿನ ಮಟ್ಟಕ್ಕೆ, ಒಂಬತ್ತನೆಯ ತಿಂಗಳಲ್ಲಿ ಪಕ್ಕೆಲುಬುಗಳ ಬುಡಕ್ಕೆ ಮುಟ್ಟುತ್ತದೆ. ಪಕ್ಕೆಲುಬಿನ ಗೂಡೂ ಅಗಲವಾಗುತ್ತದೆ. ಆದ್ದರಿಂದ ಹೊಟ್ಟೆ ಮುಚ್ಚುವ ಸೆರಗು ಎಷ್ಟೇ ದೊಡ್ಡದಿದ್ದರೂ ಕುಪ್ಪಸದ ಕೆಳಗಿನ ಪಟ್ಟಿ ಎದೆಯ ಬುಡದಲ್ಲಿ ಕಚ್ಚಿಯೇ ಕಚ್ಚುತ್ತದೆ. ಅಲ್ಲಿ ಬೆವರು ನಿಂತು, ತುರಿಕೆ ಎದ್ದು, ಚರ್ಮ ಒಡೆಯುತ್ತದೆ. ಏಳನೆಯ ತಿಂಗಳಿಗೆ ಹೊಸ ಖಣ ಬಂದಾಗ ಅವಳು ಆ ಹಿಂಸೆಯನ್ನು ನಾಲ್ಕು ತಿಂಗಳು ಅನುಭವಿಸಿ ಆಗಿರುತ್ತದೆ.

ಕೆಲವು ಮನೆಗಳಲ್ಲಿ ದೊಡ್ಡ ಕಾರ್ಯಕ್ಕೆ ಮೊದಲು ಸದ್ದಿಲ್ಲದೆ ಕಳ್ಳಕುಬಸ ಮಾಡುವ ರೂಢಿ ಉಂಟು. ನನ್ನನ್ನು ಕೇಳಿದರೆ ಕೆಲಸದ ಅರಿವೆಯನ್ನು ಆಗಲೇ ಕೊಡುವದು ಒಳ್ಳೆಯದು. ಏಳನೆಯ ತಿಂಗಳಿಗೆ ಸೀರೆ, ಬಳೆ, ಆರತಿ ಎಲ್ಲವೂ ಇದ್ದೇ ಇರಲಿ. ಮೂರು ತಿಂಗಳು ತುಂಬುವದರೊಳಗೆ ಎರಡು ಸಡಿಲ ಕುಪ್ಪಸ, ಒಂದು ಪರಕಾರ ಅವಳ ಕೈಗೆ ಸೇರಬೇಕು.

ಈಗ ಕುಪ್ಪಸ ಹೊಲಿಸುವ ಬಗೆಯನ್ನು ನೋಡೋಣ. ನಿಮ್ಮ ಅಜ್ಜಿಯಂದಿರು ತೊಡುತ್ತಿದ್ದ ಕುಪ್ಪಸ ನೆನಪಿದೆಯೆ? ಗುಳೇದಗುಡ್ಡದ ಖಣದಲ್ಲಿ ಹೊಲಿದು, ಮುಂದುಗಡೆ ಎರಡು ತುದಿಗಳನ್ನು ಎಳೆದು ಗಂಟು ಹಾಕುತ್ತಿದ್ದರು. ಮೈ ತುಂಬಿದಂತೆ ಗಂಟು ಸಡಿಲಾಗುತ್ತಿತ್ತು, ಕೂಸು ಬಂದ ಮೇಲೆ ಹಾಲೂಡಿಸಲು ಅದನ್ನೇ ಬಿಚ್ಚುತ್ತಿದ್ದರು. ಇಂದು ಪೇಟೆಯಲ್ಲಿ ಬಸುರಿಯರ ಉಡುಪೆಂದು ಮಾರುವ ಎಷ್ಟೋ ಅಂಗಿಗಳ ಉಪಾಯವೂ ಇದೇ. ಈಗಿನ ಕುಪ್ಪಸ ಮೈಗೆ ಅಂಟಿದಂತೆ ಇರಬೇಕೆಂಬ ಷೋಕಿ ಬಂದು ಆ ಅನುಕೂಲ ಹೋಯಿತು. ಗಂಟಿನ ಕುಪ್ಪಸವನ್ನೇ ತೊಡಿರೆಂದು ಇಂದಿನ ಹುಡುಗಿಯರಿಗೆ ಹೇಳಿದರೆ ನಗುತ್ತಾರೆ. ಆದರೆ ಅದರ ಗುಣವನ್ನು ಹೊಸ ಕುಪ್ಪಸಕ್ಕೆ ತರಬಹುದು.

ಸಿಂಪಿಗನಿಗೆ ಅಳತೆ ಕೊಡುವಾಗ ಬಸುರಿಯ ಕುಪ್ಪಸವೆಂದು ಸ್ಪಷ್ಟವಾಗಿ ಹೇಳಿರಿ. ನಾಚಿಕೆಯಿಂದ ಹಳೆಯ ಕುಪ್ಪಸವನ್ನು ಅಳತೆಗೆ ಕಳಿಸಿದರೆ ಹೊಸದೂ ಹಳೆಯದರಂತೆಯೇ ಬರುತ್ತದೆ. ಬದಿಯ ಎರಡೂ ಹೊಲಿಗೆಗಳ ಒಳಗೆ ಒಂದೂವರೆಯಿಂದ ಎರಡು ಇಂಚು ಅರಿವೆ ಮಡಿಸಿ ಬಿಡಲಿ. ತಿಂಗಳು ಹೋದಂತೆ ಒಂದೊಂದು ಹೊಲಿಗೆ ಬಿಚ್ಚಿದರಾಯಿತು. ಬಗಲಲ್ಲಿ ಅಂಗೈಯಗಲದ ಚೌಕ ತುಂಡು ಸೇರಿಸಿದರೆ ಕೈ ಎತ್ತಲು ಬಗ್ಗಲು ಸರಾಗ. ಹುಕ್ಕು ಬೆನ್ನಿನಲ್ಲಿ ಬೇಡ, ಮುಂದಿರಲಿ. ಹುಕ್ಕು ಸಿಕ್ಕಿಸುವ ಕಡೆ ಒಂದು ಸಾಲಿನ ಬದಲು ಎರಡು ಸಾಲು ಇಡಿಸಿದರೆ ಬೆಳಗ್ಗೆ ಒಳಸಾಲು, ಮೈ ಉಬ್ಬಿದ ಸಂಜೆ ಹೊರಸಾಲು. ಒಳಗೆ ತೊಡುವ ಬಾಡಿಯೂ ಹೀಗೆಯೇ ಅಗಲ ಪಟ್ಟಿಯದು, ನೂಲಿನದು ಇರಲಿ. ಹೊಸದು ಕೊಳ್ಳಲು ಆಗದಿದ್ದವರು ಹಳೆಯ ಕುಪ್ಪಸದ ಎರಡೂ ಬದಿ ಬಿಚ್ಚಿ, ಹಳೆಯ ನೂಲಿನ ಸೀರೆಯ ಪಟ್ಟಿಯನ್ನು ನಡುವೆ ಕೂಡಿಸಬಹುದು. ಬಣ್ಣ ಕೂಡದಿದ್ದರೆ ಏನಾಯಿತು, ಮೇಲೆ ಸೆರಗು ಇದ್ದೇ ಇದೆ. 1952ರ ಅಕ್ಟೋಬರ್ 2ರಂದು ಸಮುದಾಯ ವಿಕಾಸ ಯೋಜನೆ ಆರಂಭವಾದ ಮೇಲೆ ಗ್ರಾಮಸೇವಿಕೆಯರು ಮಹಿಳಾ ಮಂಡಳಗಳಲ್ಲಿ ಹೊಲಿಗೆ ಕಲಿಸುತ್ತಿದ್ದರು. ಈಗ ಸ್ವಸಹಾಯ ಸಂಘದ ಹೆಣ್ಣುಮಕ್ಕಳಲ್ಲಿ ಒಬ್ಬರಲ್ಲ ಒಬ್ಬರ ಮನೆಯಲ್ಲಿ ಹೊಲಿಗೆ ಯಂತ್ರ ಇರುತ್ತದೆ. ಇದು ಒಂದು ಮಧ್ಯಾಹ್ನದ ಕೆಲಸ.

ಪರಕಾರದ ಲಾಡಿಯ ಮಾತು ಇನ್ನೂ ಮುಖ್ಯ. ಸೀರೆ ಜಾರಬಾರದೆಂದು ಸಣ್ಣ ಲಾಡಿಯನ್ನು ಸೊಂಟಕ್ಕೆ ಬಿಗಿದು ಕಟ್ಟುತ್ತಾರೆ. ಅದರ ಗುರುತು ಕಪ್ಪಗೆ ಬಿದ್ದಿರುವದನ್ನು ನೀವು ನೋಡಿರಬಹುದು. ವರ್ಷಾನುಗಟ್ಟಲೆ ಹೀಗೆ ಬಿಗಿದ ಜಾಗದಲ್ಲಿ ಹುಣ್ಣು ಮಾಯದೆ ಕ್ಯಾನ್ಸರಿಗೆ ತಿರುಗಿದ ಇಬ್ಬರು ವಯಸ್ಸಾದ ಹೆಂಗಸರ ವಿಷಯವನ್ನು ವಾರ್ಧಾ ಮತ್ತು ಬಿಹಾರದ ವೈದ್ಯರು 2024ರಲ್ಲಿ ಪ್ರಕಟಿಸಿದರು. ಅದು ಬಹಳ ಅಪರೂಪ, ಒಂಬತ್ತು ತಿಂಗಳಲ್ಲಿ ಆಗುವಂಥದೂ ಅಲ್ಲ; ಹೆದರಬೇಡಿರಿ. ಆದರೆ ಬಸುರಿಯ ಚರ್ಮ ಹಿಗ್ಗುತ್ತಿರುವಾಗ ಲಾಡಿಯ ಗಾಯ ಬೇಗ ಆಗುತ್ತದೆ. ಲಾಡಿಯ ಬದಲು ಮೂರು ಬೆರಳಗಲದ ಅರಿವೆಯ ಪಟ್ಟಿ ಹಾಕಿಸಿರಿ, ಇಲ್ಲವೆ ಅಗಲವಾದ ಇಲಾಸ್ಟಿಕ್ಕು. ಹೊಟ್ಟೆಯ ನಡುವೆ ಕಟ್ಟದೆ ಹೊಟ್ಟೆಯ ಕೆಳಗೆ ಕಟ್ಟಲಿ. ಎರಡು ಬೆರಳು ಸಲೀಸಾಗಿ ಒಳಗೆ ಹೋಗಬೇಕು.

ಸೀರೆಯ ಗುಣ ದೊಡ್ಡದು. ನಿರಿಗೆ ಎರಡು ಕಡಿಮೆ ಮಾಡಿದರೆ ಸುತ್ತಿಗೆ ಬೇಕಾದಷ್ಟು ಅರಿವೆ ಸಿಗುತ್ತದೆ. ಆದರೆ ಹೊಟ್ಟೆಯ ಕೆಳಗೆ ಕಟ್ಟಿದಾಗ ಅಂಚು ನೆಲಕ್ಕೆ ಇಳಿಯುತ್ತದೆ. ಬಸುರಿಯ ಬೆನ್ನು ಹಿಂದಕ್ಕೆ ಬಾಗಿ, ಕೀಲುಗಳು ಸಡಿಲಾಗಿ, ನಡೆಯುವಾಗ ತೂಕ ತಪ್ಪುವದು ಸಹಜ. ಅಂಥದರಲ್ಲಿ ಮಳೆಗಾಲದ ಎರೆ ಮಣ್ಣು! ಅಂಚು ಪಾದದಿಂದ ನಾಲ್ಕು ಬೆರಳು ಮೇಲಿರಲಿ. ಕಾಲೂ ದಪ್ಪವಾಗುವದರಿಂದ ಹಿಮ್ಮಡಿಗೆ ಪಟ್ಟಿ ಇರುವ ಸಪಾಟು ಚಪ್ಪಲಿ ಒಂದಳತೆ ದೊಡ್ಡದು ತನ್ನಿರಿ. ಮನೆಯಲ್ಲಿ ನೈಟಿ ತೊಟ್ಟರೆ ಅತ್ತೆಯವರು ಮುಖ ಗಂಟಿಕ್ಕುವದುಂಟು. ಮುಂದೆ ಬಿಚ್ಚುವ ನೂಲಿನ ನೈಟಿ ಬಸುರಿಗೂ ಬಾಣಂತಿಗೂ ಒಳ್ಳೆಯ ಉಡುಪು. ಈ ಒಂದು ವರ್ಷ ಸುಮ್ಮನಿರುವದು ಲೇಸು.

ನೂಲಿನದು ಎಂದು ಪದೇ ಪದೇ ಹೇಳುತ್ತಿದ್ದೇನೆ. ನಾವು ಹತ್ತಿ ಬೆಳೆಯುವವರು. ನಮ್ಮ ಹೆಣ್ಣುಮಕ್ಕಳು ಪಾಲಿಸ್ಟರ್ ಸೀರೆ ಉಟ್ಟು ಆ ಹತ್ತಿಯಲ್ಲಿ ಕಸ ತೆಗೆಯುತ್ತಾರೆ. ಬಸುರಿಗೆ ಬಿಸಿ ಹೆಚ್ಚು ಅನಿಸುತ್ತದೆ, ಬೆವರೂ ಹೆಚ್ಚು. ಅಸುಂಡಿಯಂಥ ಊರಿಗೆ ಗದಗ-ಬೆಟಗೇರಿಯ ಪೇಟೆ ದೂರವಲ್ಲ. ಬೆಟಗೇರಿ ನೇಕಾರಿಕೆಗೆ ಹೆಸರಾದ ಊರು. ಒಂದು ಮಿರುಗುವ ಸೀರೆಯ ಬದಲು ಮೆತ್ತನೆಯ ನೂಲಿನ ಸೀರೆ ಕೇಳಿ ತನ್ನಿರಿ.

ಹೊಲದಲ್ಲಿ ಸೀರೆಯ ಮೇಲೆ ಗಂಡಸರ ಅಂಗಿ ತೊಡುವ ರೂಢಿ ನಮ್ಮಲ್ಲಿದೆ. ಬಸುರಿಗೆ ಇದು ಬಹಳ ಅನುಕೂಲ: ಸಡಿಲ, ತೋಳುದ್ದ, ಖರ್ಚಿಲ್ಲ. ಆದರೆ ಇಲ್ಲಿ ಒಂದು ಅಪಾಯವಿದೆ, ದಯವಿಟ್ಟು ಗಮನಿಸಿರಿ. ಮನೆಯಲ್ಲಿ ಗೂಟಕ್ಕೆ ತೂಗಿರುವ ಹಳೆಯ ಅಂಗಿ ಹೆಚ್ಚಾಗಿ ನೀವು ಹತ್ತಿಗೆ, ಮೆಣಸಿನಕಾಯಿಗೆ ಔಷಧಿ ಹೊಡೆಯುವಾಗ ತೊಟ್ಟ ಅಂಗಿಯೇ ಆಗಿರುತ್ತದೆ. ಕೀಟನಾಶಕ ಅರಿವೆಯಲ್ಲಿ ಉಳಿದು ಚರ್ಮದ ಮೂಲಕ ಮೈಗೆ ಇಳಿಯುತ್ತದೆ. ತಾಯಿಗೂ ಗರ್ಭದ ಕೂಸಿಗೂ ಅದು ಕೇಡು. ಔಷಧಿಯ ಅಂಗಿಯನ್ನು ಬೇರೆ ಗೂಟಕ್ಕೆ, ಮನೆಯ ಹೊರಗೆ ಇಡಿರಿ. ಬಸುರಿಗೆ ಅದನ್ನು ತೊಡಲು ಕೊಡಬೇಡಿರಿ, ಒಗೆಯಲೂ ಹಾಕಬೇಡಿರಿ. ನೀವೇ ಬೇರೆಯಾಗಿ ಒಗೆದುಕೊಳ್ಳಿರಿ. ಅವಳಿಗೆ ಒಂದು ಸ್ವಚ್ಛವಾದ ಅಂಗಿಯನ್ನು ಅವಳದೆಂದೇ ತೆಗೆದಿಡಿರಿ.

ಅರಿವೆ ಬಿಗಿಯಾಗುವದು ಎಲ್ಲವೂ ಒಂದೇ ಬಗೆಯದಲ್ಲ. ಕುಪ್ಪಸ ತಿಂಗಳಿಂದ ತಿಂಗಳಿಗೆ ಬಿಗಿಯಾದರೆ ಅದು ಬೆಳವಣಿಗೆ. ಬಸುರಿತನದಲ್ಲಿ ಸುಮಾರು 9ರಿಂದ 11 ಕಿಲೋ ತೂಕ ಹೆಚ್ಚುವದು ಒಳ್ಳೆಯದು. ಸಂಜೆ ಪಾದ ಬಾತು, ರಾತ್ರಿ ಮಲಗಿ ಎದ್ದಾಗ ಇಳಿದರೆ ಅದೂ ಸಾಮಾನ್ಯ. ಆದರೆ ನಿನ್ನೆ ಸಲೀಸಾಗಿ ತಿರುಗುತ್ತಿದ್ದ ಕುಬಸದ ಬಳೆ ಇಂದು ಬೆಳಗ್ಗೆ ತಿರುಗದಿದ್ದರೆ, ಉಂಗುರ ಹೊರಬರದಿದ್ದರೆ, ಮುಖ ಊದಿದ್ದರೆ ಅದು ಬೇರೆ. ಜೊತೆಗೆ ತಲೆನೋವು, ಕಣ್ಣು ಮಂಜಾಗುವದು, ಎದೆಗುಂಡಿಗೆಯ ಕೆಳಗೆ ನೋವು ಇದ್ದರಂತೂ ಅರೆಗಳಿಗೆ ತಡ ಮಾಡಬೇಡಿರಿ. ಅದು ರಕ್ತದೊತ್ತಡ ಏರಿದ ಲಕ್ಷಣವಾಗಿರಬಹುದು. 140/90 ಅಥವಾ ಅದಕ್ಕೆ ಮೇಲಿದ್ದರೆ ವೈದ್ಯರ ಕೈಯಲ್ಲಿ ಇರಬೇಕಾದ ಸಂಗತಿ. ಬಿಟ್ಟರೆ ಫಿಟ್ಸ್ ಬಂದು ತಾಯಿ ಕೂಸು ಇಬ್ಬರಿಗೂ ಪ್ರಾಣಕ್ಕೆ ಬರುತ್ತದೆ. ಆಶಾ ಕಾರ್ಯಕರ್ತೆಗೆ ತಿಳಿಸಿರಿ, 108ಕ್ಕೆ ಕರೆ ಮಾಡಿರಿ, ಅಂದೇ ಆಸ್ಪತ್ರೆಗೆ ಒಯ್ಯಿರಿ. ಬಳೆ ತುಂಬುವಾಗ ಒಂದಳತೆ ದೊಡ್ಡದನ್ನೇ ತುಂಬಿಸಿರಿ.

ಇನ್ನೊಂದು ಮಾತು ಕೇಳಿಬರುತ್ತದೆ: ಹೊಟ್ಟೆ ಬಿಗಿದು ಕಟ್ಟಿ, ಉಣ್ಣುವದನ್ನು ಕಡಿಮೆ ಮಾಡಿದರೆ ಕೂಸು ಸಣ್ಣದಾಗಿ ಹೆರಿಗೆ ಹಗುರಾಗುವದಂತೆ. ಸೀರೆ ಬಿಗಿದರೆ ಕೂಸು ಸಣ್ಣದಾಗುವದಿಲ್ಲ. ತಾಯಿಗೆ ಎದೆಯುರಿ, ಉಬ್ಬಸ ಆಗುತ್ತದೆ ಅಷ್ಟೆ. ಉಣಿಸು ಕಡಿಮೆ ಮಾಡಿದರೆ ಮಾತ್ರ ಕೂಸು ನಿಜವಾಗಿಯೂ ಬಡವಾಗಿ ಹುಟ್ಟುತ್ತದೆ, ತಾಯಿ ರಕ್ತಹೀನಳಾಗಿ ಹೆರಿಗೆಯಲ್ಲಿ ಸೋಲುತ್ತಾಳೆ. ಮೊದಲ ಬಸುರಿನ ಹುಡುಗಿ ನಾಚಿಕೆಯಿಂದ ಬಿಗಿದುಕೊಂಡು ನಾಲ್ಕು ತಿಂಗಳು ಸುದ್ದಿಯನ್ನೇ ಮುಚ್ಚಿಡುವದೂ ಉಂಟು. ಆಗ ತಾಯಿ ಕಾರ್ಡು ತಡವಾಗುತ್ತದೆ. 12 ವಾರದೊಳಗೆ ಹೆಸರು ಬರೆಸಬೇಕು. ನಾಲ್ಕನೆಯ ತಿಂಗಳಿಂದ ದಿನಕ್ಕೊಂದರಂತೆ 180 ದಿವಸ ಕಬ್ಬಿಣದ ಗುಳಿಗೆ ನುಂಗಬೇಕು. ಸಡಿಲ ಕುಪ್ಪಸ ಮೊದಲೇ ಮನೆಗೆ ಬಂದರೆ ಅವಳ ನಾಚಿಕೆಯೂ ಮೊದಲೇ ಬಿಡುತ್ತದೆ.

ಹೆರಿಗೆಯಾದ ಕೂಡಲೆ ಹಳೆಯ ಕುಪ್ಪಸ ತೆಗೆಯಬೇಡಿರಿ. ಗರ್ಭಕೋಶ ಮೊದಲಿನಂತಾಗಲು ಸುಮಾರು ಆರು ವಾರ ಬೇಕು. ಹಾಲು ತುಂಬಿದ ಎದೆ ಬಸುರಿನಲ್ಲಿ ಇದ್ದುದಕ್ಕಿಂತ ದೊಡ್ಡದು. ಬಿಗಿಯಾದ ಕುಪ್ಪಸ ಎದೆಯನ್ನು ಒತ್ತಿದರೆ ಹಾಲು ಕಟ್ಟಿ, ಗಡ್ಡೆಯಾಗಿ ಜ್ವರ ಬರುತ್ತದೆ. ಮುಂದೆ ಹುಕ್ಕಿನ ಅದೇ ಎರಡು ಸಡಿಲ ಕುಪ್ಪಸಗಳನ್ನು ಒಗೆದು, ಬಿಸಿಲಿಗೆ ಒಣಗಿಸಿ, ತವರಿಗೆ ಹೋಗುವ ಗಂಟಿನಲ್ಲಿ ಮೇಲೆಯೇ ಇಡಿರಿ. ಕೂಸು ಹಾಲು ಬಿಟ್ಟ ಮೇಲೆ ಬದಿಯ ಹೊಲಿಗೆಗಳನ್ನು ಮತ್ತೆ ಹಾಕಿಕೊಳ್ಳಬಹುದು. ಅಲ್ಲಿಯ ವರೆಗೆ ಆ ಎರಡು ಇಂಚು ಬಿಚ್ಚಿಯೇ ಇರಲಿ.