ಮೀನಿನ ಪಿಂಡದಲ್ಲಿ ರಕ್ತದ ಹುಟ್ಟು

ರಕ್ತವೇ ಪ್ರಾಣಕ್ಕೆ ಆಧಾರವೆಂದು ನಾವೆಲ್ಲರೂ ಬಾಲ್ಯದಿಂದ ಕಲಿತಿರುವೆವು. ಆದರೆ ಆ ರಕ್ತವು ಪಿಂಡದಲ್ಲಿ ಯಾವ ಅಪ್ಪಣೆಯಿಂದ ಉಂಟಾಗುತ್ತದೆಂಬುದನ್ನು ವಿದ್ವಾಂಸರು ಬಹುಮಟ್ಟಿಗೆ ಒಂದು ಅಲ್ಪವಾದ ಮೀನಿನಿಂದ ತಿಳಿದುಕೊಂಡರೆಂಬುದು ಆಶ್ಚರ್ಯಕರವಾದ ಸಂಗತಿಯಾಗಿದೆ.

ಜೀಬ್ರಾ ಮೀನೆಂಬ ಇದು ನೀಲಿಯ ಪಟ್ಟೆಗಳುಳ್ಳದ್ದು. ಉದ್ದವು ಸುಮಾರು 4 ಸೆಂಟಿಮೀಟರ್. ಇದು ನಮ್ಮ ದೇಶದ ಹಳ್ಳತೊರೆಗಳಲ್ಲಿಯೂ ವಾಸಿಸುತ್ತದೆ. 1800-01ರಲ್ಲಿ ಮೈಸೂರು, ಕನ್ನಡ, ಮಲೆಯಾಳ ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನೇ ತರುವಾಯ ಹ್ಯಾಮಿಲ್ಟನ್ ಎಂಬ ಹೆಸರನ್ನು ಧರಿಸಿ, ಗಂಗಾನದಿಯ ಮೀನುಗಳನ್ನು ಕುರಿತ ತನ್ನ 1822ರ ಗ್ರಂಥದಲ್ಲಿ ಇದನ್ನು ವರ್ಣಿಸಿದನು. ಇದರ ಪಿಂಡವು ತಾಯಿಯ ಒಡಲಿನ ಹೊರಗೆ, ಗಾಜಿನಂತೆ ಪಾರದರ್ಶಕವಾಗಿ ಬೆಳೆಯುತ್ತದೆ. ಆದುದರಿಂದ ಸುಮಾರು ಒಂದು ದಿನದೊಳಗೆ ಗುಂಡಿಗೆಯು ಬಡಿಯುವುದೂ, ಸ್ವಲ್ಪ ಹೊತ್ತಿನಲ್ಲಿಯೇ ರಕ್ತವು ಹರಿಯತೊಡಗುವುದೂ ಸೂಕ್ಷ್ಮದರ್ಶಕದಲ್ಲಿ ಕಾಣುತ್ತವೆ.

ತಂದೆತಾಯಿಗಳಿಂದ ಬಂದು ಜೀವಕೋಶಗಳನ್ನು ಆಳುವ ಸೂತ್ರಗಳಿಗೆ ವಂಶವಾಹಿಗಳೆಂದು ಹೆಸರು. ಇವುಗಳಲ್ಲಿ ಗಾಟಾ-1 ಎಂಬುದು ಎಳೆಯ ರಕ್ತಕೋಶಕ್ಕೆ ಕೆಂಪು ಕಣವಾಗೆಂದೂ, ಪಿಯು-1 ಎಂಬುದು ಬಿಳಿಯ ಕಣವಾಗೆಂದೂ ಅಪ್ಪಣೆ ಕೊಡುತ್ತವೆ. ಇವು ಒಂದನ್ನೊಂದು ತಡೆಯುತ್ತವೆ. ಗಾಟಾ-1ನ್ನು ಅಡಗಿಸಿದರೆ ಕೆಂಪಾಗಬೇಕಾದ ಕಣಗಳು ಬಿಳಿಯ ಕಣಗಳಾಗುವುವೆಂದು 2005ರಲ್ಲಿ ತೋರಿಸಲಾಯಿತು.

ಜರ್ಮನಿಯ ಟ್ಯೂಬಿಂಗೆನ್ನಿನಲ್ಲಿ ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್‌ಹಾರ್ಡ್ ಎಂಬ ವಿದುಷಿಯ ಸಂಗಡಿಗರೂ, ಅಮೆರಿಕದ ಬೋಸ್ಟನ್ನಿನ ಪಂಡಿತರೂ ಅಸಂಖ್ಯಾತ ಪಿಂಡಗಳನ್ನು ಪರೀಕ್ಷಿಸಿ, 1996ರಲ್ಲಿ ರಕ್ತದೋಷವುಳ್ಳ ಅನೇಕ ತಳಿಗಳನ್ನು ಪ್ರಕಟಿಸಿದರು. ಬಿಳಿಚಿಕೊಂಡ ಆ ಮೀನುಗಳಲ್ಲಿ ಹಲವಕ್ಕೆ ದ್ರಾಕ್ಷಾರಸಗಳ ಹೆಸರುಗಳನ್ನಿಟ್ಟರು. ಅವುಗಳಲ್ಲಿ ವೈಸ್‌ಹೆರ್ಬ್ಸ್ಟ್ ಎಂಬುದರ ಕಾರಣವು 2000ದಲ್ಲಿ ತಿಳಿಯಿತು. ತತ್ತಿಯ ಭಂಡಾರದಲ್ಲಿ ಕಬ್ಬಿಣವು ಇದ್ದೇ ಇತ್ತು. ಆದರೆ ಅದನ್ನು ರಕ್ತಕ್ಕೆ ಬಿಡುವ ಬಾಗಿಲು ಕೆಟ್ಟಿತ್ತು. ಕಬ್ಬಿಣವನ್ನು ನೇರವಾಗಿ ರಕ್ತನಾಳಕ್ಕೆ ಸೇರಿಸಲು, ಪಿಂಡದಲ್ಲಿ ಹಿಮೋಗ್ಲೋಬಿನ್ ಉಂಟಾಯಿತು. ಫೆರೊಪೋರ್ಟಿನ್ ಎಂಬ ಈ ಬಾಗಿಲು ಮನುಷ್ಯರ ಕರುಳಿನಲ್ಲಿಯೂ ಇದೆ.

ಗಾಟಾ-1 ಇಲ್ಲದ ಮೀನೂ ಬಿಳುಪು, ಬಾಗಿಲು ಕೆಟ್ಟ ಮೀನೂ ಬಿಳುಪು. ಹೊರಗಣ ಲಕ್ಷಣವು ಒಂದೇ. ಒಳಗಣ ಕಾರಣಗಳು ಬೇರೆ ಬೇರೆ. ತಾಯಿತಂದೆಗಳು ಮನಸ್ಸಿನಲ್ಲಿಡತಕ್ಕ ಮಾತು ಇದೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಭಾರತದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆಯುಂಟು. ಆಹಾರದಲ್ಲಿ ಕಬ್ಬಿಣದ ಕೊರತೆಯು ಇದಕ್ಕೆ ಮುಖ್ಯ ಕಾರಣಗಳಲ್ಲೊಂದು. ಆದರೆ ಜಂತುಹುಳುಗಳೂ, ವಂಶದಿಂದ ಬರುವ ಥಲಸ್ಸೀಮಿಯದಂಥ ರೋಗಗಳೂ ಉಂಟು. ಆದಕಾರಣ, ಪಾಠದ ಹೊತ್ತಿಗೆ ತೂಕಡಿಸುವ, ಮೆಟ್ಟಲೇರಿದರೆ ಏದುಸಿರು ಬಿಡುವ ಮಗಳನ್ನು ಸೋಮಾರಿಯೆಂದು ಗದರಿಸದೆ, ಮೊದಲು ಆಕೆಯ ರಕ್ತವನ್ನು ಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದಂತೆ ಉಪಚರಿಸಬೇಕೆಂದು ವಿನಯಪೂರ್ವಕವಾಗಿ ಬೇಡುತ್ತೇವೆ.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರೂ ಉಪಾಧ್ಯಾಯಿನಿಯರೂ ದಾದಿಯರೂ ಆಗಿರುವರು. ಸೃಷ್ಟಿಕರ್ತನು ಅಲ್ಪವಾದ ಮೀನಿನಲ್ಲಿ ಇಟ್ಟ ಈ ಪಾಠವನ್ನು ಅವರು ತಮ್ಮ ತಮ್ಮ ಮನೆಗಳಲ್ಲಿಯೂ ಊರುಗಳಲ್ಲಿಯೂ ಹರಡುವರೆಂದು ನಂಬಿದ್ದೇವೆ.